ಮಾತ್ರೆಗೆ ಹೊಟ್ಟೆಯಲ್ಲೂ ಪಾಲುದಾರರು

14 ಜುಲೈ 2025, ಸೋಮವಾರ

ಡಿಗಾಕ್ಸಿನ್ ತೀರಾ ಸಣ್ಣ ಮಾತ್ರೆ. 0.25 ಮಿಲಿಗ್ರಾಂ ಅಷ್ಟೇ. ಹೃದಯ ಸೋತವರಿಗೆ, ಬಡಿತದ ತಾಳ ತಪ್ಪಿದವರಿಗೆ ಕೊಡುತ್ತಾರೆ. ಕಡಿಮೆಯಾದರೆ ಕೆಲಸ ಮಾಡಲ್ಲ, ಸ್ವಲ್ಪ ಜಾಸ್ತಿಯಾದರೆ ವಾಂತಿ, ಕಣ್ಣಿಗೆ ಎಲ್ಲ ಹಳದಿ, ಬಡಿತ ಇನ್ನಷ್ಟು ಏರುಪೇರು. ಅದಕ್ಕೇ ಎಷ್ಟೋ ಡಾಕ್ಟರು ವಾರಕ್ಕೆ ಐದೇ ದಿನ, ಶನಿವಾರ ಭಾನುವಾರ ಬೇಡ ಅಂತ ಬರೆಯುತ್ತಾರೆ.

ಇವತ್ತು ನಮ್ಮ ಮೆಡಿಕಲ್ಸ್‌ಗೆ ಖಾಯಂ ಬರುವ ಯಜಮಾನರೊಬ್ಬರು ಎರಡು ಚೀಟಿ ತಂದರು. ಒಂದರಲ್ಲಿ ಹಳೇ ಡಿಗಾಕ್ಸಿನ್, ಇನ್ನೊಂದರಲ್ಲಿ ಬೇರೆ ಡಾಕ್ಟರು ಕೆಮ್ಮಿಗೆ ಬರೆದ ಕ್ಲಾರಿಥ್ರೊಮೈಸಿನ್ ಅನ್ನೋ ಆಂಟಿಬಯಾಟಿಕ್. "ಬೇಗ ಕೊಡಪ್ಪ, ಬಸ್ಸಿಗೆ ಹೊತ್ತಾಯ್ತು." ನಾನು ಡಾಕ್ಟರಿಗೆ ಫೋನ್ ಮಾಡಿ, ಅವರು ಬೇರೆ ಆಂಟಿಬಯಾಟಿಕ್ ಹೇಳುವಷ್ಟರಲ್ಲಿ ಬಸ್ಸು ಹೋಯ್ತು. ಚೆನ್ನಾಗಿ ಬೈಸಿಕೊಂಡೆ.

ವಿಷಯ ಏನಪ್ಪಾ ಅಂದ್ರೆ, ಡಿಗಾಕ್ಸಿನ್‌ನ ಮೈಕಟ್ಟು ಸ್ಟೀರಾಯ್ಡ್‌ನದು. ನಮ್ಮ ಹಾರ್ಮೋನುಗಳಾದ ಕಾರ್ಟಿಸಾಲ್, ಟೆಸ್ಟೋಸ್ಟೆರಾನ್‌ಗಳಲ್ಲಿ ಇರೋ ಹಾಗೇ ಪರಮಾಣುಗಳ ನಾಲ್ಕು ಉಂಗುರ, ಜೊತೆಗೆ ತುದಿಯಲ್ಲಿ ಲ್ಯಾಕ್ಟೋನ್ ಅನ್ನೋ ಇನ್ನೊಂದು ಉಂಗುರ. ಕೆಲವರ ಕರುಳಲ್ಲಿರುವ ಎಗ್ಗರ್ಥೆಲ್ಲಾ ಲೆಂಟಾ ಅನ್ನೋ ಬ್ಯಾಕ್ಟೀರಿಯಾ ಆ ತುದಿಯ ಉಂಗುರಕ್ಕೆ ಹೈಡ್ರೋಜನ್ ಸೇರಿಸಿಬಿಡುತ್ತದೆ. ಅಲ್ಲಿಗೆ ಔಷಧಿ ಸಪ್ಪೆ. ಅಂಥವರಿಗೆ ಆಂಟಿಬಯಾಟಿಕ್ ಕೊಟ್ಟು ಬ್ಯಾಕ್ಟೀರಿಯಾ ಸತ್ತರೆ, ಅದೇ ಮಾತ್ರೆಯಿಂದ ರಕ್ತಕ್ಕೆ ಜಾಸ್ತಿ ಹೋಗುತ್ತದೆ. ಹಾಗಂತ ಎಲ್ಲ ತಪ್ಪನ್ನೂ ಬ್ಯಾಕ್ಟೀರಿಯಾ ತಲೆಗೆ ಕಟ್ಟೋ ಹಾಗಿಲ್ಲ. ಡಿಗಾಕ್ಸಿನ್ ಅನ್ನು ಹೊರಹಾಕುವ ನಮ್ಮದೇ ಜೀವಕೋಶಗಳ ಪಂಪನ್ನೂ ಕ್ಲಾರಿಥ್ರೊಮೈಸಿನ್ ತಡೆಯುತ್ತದೆ.

ನನಗೆ ತುಂಬಾ ಹಿಡಿಸಿದ್ದು 1989ರ ಒಂದು ಅಧ್ಯಯನ. ದಕ್ಷಿಣ ಭಾರತದವರನ್ನೂ ನ್ಯೂಯಾರ್ಕಿನವರನ್ನೂ ಹೋಲಿಸಿದ್ದರು. ಡಿಗಾಕ್ಸಿನ್ ಅನ್ನು ಹೀಗೆ ಸಪ್ಪೆ ಮಾಡುವ ಹೊಟ್ಟೆ ಅಲ್ಲಿ ಮೂವರಲ್ಲಿ ಒಬ್ಬರಿಗೆ, ನಮ್ಮ ಕಡೆ ಏಳು ಜನರಲ್ಲಿ ಒಬ್ಬರಿಗೆ. ನಮ್ಮವರಲ್ಲೂ ಪೇಟೆಯವರಿಗೆ ಜಾಸ್ತಿ, ಹಳ್ಳಿಯವರಿಗೆ ಕಡಿಮೆ. ಅಂದ್ರೆ ಊರು ಬದಲಾದರೆ ಡೋಸೂ ಬದಲಾಗಬಹುದು, ಅಲ್ವಾ?

ಈ ಕೈಚಳಕ ಬರೀ ಔಷಧಿಗೆ ಸೀಮಿತವಲ್ಲ. ಕ್ಲಾಸ್ಟ್ರಿಡಿಯಂ ಸಿಂಡೆನ್ಸ್ ಅನ್ನೋ ಕರುಳಿನ ಇನ್ನೊಂದು ಬ್ಯಾಕ್ಟೀರಿಯಾ ನಮ್ಮದೇ ಕಾರ್ಟಿಸಾಲ್‌ನ ಪಕ್ಕದ ಸರಪಳಿ ಕತ್ತರಿಸಿ ಅದನ್ನು ಗಂಡು ಹಾರ್ಮೋನುಗಳ ಜಾತಿಗೆ ಸೇರಿಸುತ್ತದೆ. ಪ್ರೆಡ್ನಿಸೋನ್ ಅನ್ನೋ ಸ್ಟೀರಾಯ್ಡ್ ಔಷಧಿ ಸಿಕ್ಕರೂ ಬಿಡಲ್ಲ.

ಎಗ್ಗರ್ಥೆಲ್ಲಾ ಇದ್ದ ಮಾತ್ರಕ್ಕೆ ಡಿಗಾಕ್ಸಿನ್ ಕೆಡುತ್ತದೆ ಅಂತಲೂ ಇಲ್ಲ. ಅದರ ಕೆಲವು ತಳಿಗಳಲ್ಲಿ ಮಾತ್ರ ಆ ಕೆಲಸದ ಜೀನ್‌ಗಳಿವೆ ಅಂತ 2013ರಲ್ಲಿ ಗೊತ್ತಾಯಿತು. ಆರ್ಜಿನೈನ್ ಅನ್ನೋ ಅಮೈನೋ ಆಮ್ಲ, ಅಂದ್ರೆ ಪ್ರೋಟೀನಿನ ಒಂದು ತುಣುಕು, ಸಿಕ್ಕರೆ ಅವೂ ತೆಪ್ಪಗಾಗುತ್ತವೆ. ಪ್ರೋಟೀನ್ ಜಾಸ್ತಿ ತಿಂದ ಇಲಿಗಳ ರಕ್ತದಲ್ಲಿ ಡಿಗಾಕ್ಸಿನ್ ಜಾಸ್ತಿ ಉಳಿದಿತ್ತು. ಇದನ್ನು ಓದಿ ಸುಮ್ನೆ ಪ್ರೋಟೀನ್ ಪುಡಿ ಕೇಳಿಕೊಂಡು ಅಂಗಡಿಗೆ ಬರಬೇಡಿ. ಅದು ಇಲಿಗಳ ಕಥೆ.