ಒಳಮುಖ ಕಟ್ಟುವ ವಾಚು: ಡಯಲ್ ಬಿಚ್ಚದಿದ್ದರೆ ಸರ್ವಿಸ್ ಅರ್ಧವೇ

ಕೀ ಕೊಡುವ ಹಳೆಯ ವಾಚು ರಿಪೇರಿಗೆ ಬಂದರೆ ಚೀಟಿಯಲ್ಲಿ ಹೆಸರು, ದೂರಿನ ಜೊತೆಗೆ ಇನ್ನೊಂದು ಮಾತೂ ಬರೆದಿಡಬೇಕು: ಮಣಿಕಟ್ಟಿನ ಒಳಗೆ ಕಟ್ಟುತ್ತಾರೋ, ಹೊರಗೋ? ಬಳ್ಳಾರಿ ಕಡೆ ಒಳಗೆ ಕಟ್ಟುವವರೇನು ಅಪರೂಪವಲ್ಲ. ರಿಟೈರ್ ಆದ ಟೀಚರಮ್ಮಂದಿರನ್ನು ನೋಡಿ, ಬಹುಪಾಲು ಡಯಲ್ ಅಂಗೈ ಕಡೆಗೇ. ಪೈಲಟ್‌ಗಳ ಹಳೆಯ ವಾಚುಗಳಲ್ಲೂ ಇದೇ ರೂಢಿ ಕಾಣುತ್ತದೆ. ವಿಮಾನದ ಯೋಕ್ (ಸ್ಟಿಯರಿಂಗ್) ಹಿಡಿದ ಕೈಯನ್ನು ತಿರುಗಿಸದೆ ಟೈಮ್ ನೋಡಬಹುದು, ಕಾಕ್‌ಪಿಟ್‌ನ ಲೋಹಕ್ಕೆ ಗಾಜು ತಾಗುವುದೂ ಕಡಿಮೆ.

ಅಂಥ ವಾಚು ನಮ್ಮ ಮೇಜಿನ ಮೇಲೆ ಎರಡು ದಿನ ಸರಿಯಾಗಿ ನಡೆದು, ಗಿರಾಕಿಯ ಕೈಗೆ ಹೋದ ವಾರದಲ್ಲೇ ವಾಪಸ್ ಬರುತ್ತದೆ. ಕಾರಣ ಸರಳ. ಮೇಜಿನ ಮೇಲೆ ನಾವು ಡಯಲ್ ಮೇಲೆ ಮಾಡಿ ಇಡುತ್ತೇವೆ. ಅವರು ಬರೆಯಲು, ಟೈಪ್ ಮಾಡಲು ಕೈ ಊರಿದಾಗ ಡಯಲ್ ಕೆಳಗಾಗುತ್ತದೆ. ಡಯಲ್ ಮೇಲಿದ್ದಾಗ, ಅತ್ತಿತ್ತ ಆಡಿ ಟೈಮ್ ಹಿಡಿಯುವ ಬ್ಯಾಲೆನ್ಸ್ ಚಕ್ರದ ಭಾರ ಕಾಕ್ (ಬ್ಯಾಕ್ ಕಡೆಯಿಂದ ಅದನ್ನು ಹಿಡಿದ ಪಟ್ಟಿ) ಕಡೆಯ ಪಿವಟ್ (ಅಚ್ಚಿನ ಸಣ್ಣ ತುದಿ) ಮೇಲೆ ಬೀಳುತ್ತದೆ, ಡಯಲ್ ಕೆಳಗಾದರೆ ಪ್ಲೇಟ್ (ಡಯಲ್ ಕಡೆಯ ತಳದ ತಟ್ಟೆ) ಕಡೆಯ ಪಿವಟ್ ಮೇಲೆ. ಆ ಪ್ಲೇಟ್ ಕಡೆಯ ಜ್ಯುವೆಲ್, ಅಂದರೆ ಪಿವಟ್ ಕೂರುವ ಕಲ್ಲು, ಇರುವುದು ಡಯಲ್ ಅಡಿಯಲ್ಲಿ. ಅವಸರದ ಸರ್ವಿಸಿನಲ್ಲಿ ಬ್ಯಾಕ್ ತೆಗೆದು, ಕಣ್ಣಿಗೆ ಕಂಡ ಮೇಲಿನ, ಅಂದರೆ ಕಾಕ್ ಕಡೆಯ, ಜ್ಯುವೆಲ್‌ಗೆ ಎಣ್ಣೆ ಬಿಟ್ಟು ಮುಚ್ಚಿಬಿಡುತ್ತಾರೆ. ಡಯಲ್ ಕಡೆಯ ಕೆಳಗಿನದು ವರ್ಷಗಟ್ಟಲೆ ಒಣಗಿ ಅಂಟಾಗಿರುತ್ತದೆ. ಹೊರಗೆ ಕಟ್ಟುವವರಿಗೆ ಈ ಕಳ್ಳಾಟ ಬೇಗ ಗೊತ್ತಾಗುವುದಿಲ್ಲ. ಒಳಗೆ ಕಟ್ಟುವವರಿಗೆ ಮರುದಿನವೇ ಗೊತ್ತಾಗುತ್ತದೆ.

ಎಚ್‌ಎಂಟಿ ಪೈಲಟ್ ಮಾದರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. 17 ಜ್ಯುವೆಲ್, ಗಂಟೆಗೆ 18,000 ಬೀಟ್ (ಟಿಕ್), ಎಂದರೆ ಸೆಕೆಂಡಿಗೆ 5. ಬಿಚ್ಚುವ ಮೊದಲು ಪೂರ್ತಿ ಕೀ ಕೊಟ್ಟು, ಟಿಕ್ ಸದ್ದಿನಿಂದ ಓಟ ಅಳೆಯುವ ಯಂತ್ರವಾದ ಟೈಮ್‌ಗ್ರಾಫರ್ ಮೇಲೆ ಡಯಲ್ ಮೇಲೆ, ಡಯಲ್ ಕೆಳಗೆ, ಕ್ರೌನ್ (ಕೀ ಕೊಡುವ ತಿರುಗುಂಡಿ) ಕೆಳಗೆ, ಮೂರೂ ರೀತಿಯಲ್ಲಿಟ್ಟು ನೋಡಿ. ಪ್ರತಿ ಸಲ ತಿರುಗಿಸಿದ ಮೇಲೆ ಅರ್ಧ ನಿಮಿಷ ಬಿಟ್ಟು ಅಂಕಿ ಬರೆದುಕೊಳ್ಳಿ. ಕ್ರೌನ್ ಕೆಳಗೆ ಯಾಕೆಂದರೆ, ಎಡಗೈಗೆ ಒಳಗೆ ಕಟ್ಟಿದರೂ ಹೊರಗೆ ಕಟ್ಟಿದರೂ ಕೈ ಇಳಿಬಿಟ್ಟಾಗ ಕ್ರೌನ್ ನೆಲದ ಕಡೆಗೇ ಇರುತ್ತದೆ. ಡಯಲ್ ಮೇಲಿದ್ದಾಗ 270 ಡಿಗ್ರಿ ಆಂಪ್ಲಿಟ್ಯೂಡ್ (ಬ್ಯಾಲೆನ್ಸ್ ತೂಗುವ ಕೋನ) ತೋರಿಸಿ, ಕೆಳಗೆ ಮಾಡಿದಾಗ 230ಕ್ಕೆ ಇಳಿದರೆ ತಪ್ಪು ಕೆಳಗಿನ ಜ್ಯುವೆಲ್ಲಿನದು ಇಲ್ಲವೇ ಪಿವಟ್ಟಿನದು. ಆಗ ವೇಗ ಹೊಂದಿಸುವ ರೆಗ್ಯುಲೇಟರ್ ಮುಟ್ಟಬೇಡಿ. ಅದು ರೋಗವನ್ನು ಮರೆಮಾಡುತ್ತದೆ, ಅಷ್ಟೆ.

ಬ್ಯಾಕ್ ತೆಗೆದ ಮೇಲೆ ಕ್ರೌನ್ ಹಿಡಿದು, ಸ್ಪ್ರಿಂಗ್ ಬಿಚ್ಚಿಕೊಳ್ಳದಂತೆ ತಡೆಯುವ ಕ್ಲಿಕ್ ಸರಿಸಿ, ಸ್ಪ್ರಿಂಗಿನ ಬಿಗಿಯನ್ನು ನಿಧಾನಕ್ಕೆ ಇಳಿಸಿ. ಸ್ಟೆಮ್ (ಕ್ರೌನಿನ ಕಡ್ಡಿ) ತೆಗೆಯುವ ತಿರುಪನ್ನು ಸ್ವಲ್ಪವೇ ಸಡಿಲಿಸಿ. ಪೂರ್ತಿ ಬಿಚ್ಚಿದರೆ ಸ್ಟೆಮ್ ಹಿಡಿದಿಡುವ ಸೆಟ್ಟಿಂಗ್ ಲಿವರ್ ಕಳಚಿಕೊಂಡು ಒಳಗೇ ಬೀಳುತ್ತದೆ. ಡಯಲ್ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಳ್ಳುಗಳನ್ನು ಎತ್ತಿ, ಅಂಚಿನ ಎರಡು ತಿರುಪು ಸಡಿಲಿಸಿದರೆ ಡಯಲ್ ಬರುತ್ತದೆ. ಮುಂದೆ ಬ್ಯಾಲೆನ್ಸನ್ನು ಕಾಕ್ ಸಮೇತ ಪಕ್ಕಕ್ಕಿಟ್ಟು, ಆಮೇಲಷ್ಟೇ ಕೆಳಗಿನ ಕಲ್ಲುಗಳನ್ನು ಹಿಡಿದಿರುವ, ಪೆಟ್ಟು ತಡೆಯುವ ಪ್ಯಾರಾಶಾಕ್ ಸ್ಪ್ರಿಂಗಿಗೆ ಕೈ ಹಾಕಿ. ಅದು ಚಂಗನೆ ಹಾರುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಚಿಮಟ ಹಿಡಿದು ಬಿಚ್ಚಿದರೆ ರಾತ್ರಿಯಿಡೀ ನೆಲ ಗುಡಿಸುವುದು ತಪ್ಪುತ್ತದೆ. ತೂತಿನ ಕಲ್ಲು, ಅದನ್ನು ಮುಚ್ಚುವ ಮೇಲುಗಲ್ಲು ಎರಡನ್ನೂ ತೊಳೆದು, ಮೇಲುಗಲ್ಲಿನ ಚಪ್ಪಟೆ ಮುಖದ ನಡುವೆ ಮೊಬಿಯಸ್ 9010 ಎಣ್ಣೆಯ ಒಂದು ಹನಿ. ಹನಿ ಕಲ್ಲಿನ ಅಗಲದ ಅರ್ಧದಿಂದ ಮೂರನೇ ಎರಡು ಭಾಗದಷ್ಟಿರಲಿ. ಹೆಚ್ಚಾದರೆ ಅಂಚಿಗೆ ಹರಿದು ಪೂರ್ತಿ ಖಾಲಿಯಾಗುತ್ತದೆ. ಇಷ್ಟಾದರೂ ವ್ಯತ್ಯಾಸ ಉಳಿದರೆ ಪಿವಟ್ ತುದಿಯನ್ನು ಲೂಪಿನಲ್ಲಿ (ಭೂತಗನ್ನಡಿಯಲ್ಲಿ) ನೋಡಿ. ತುದಿ ಚಪ್ಪಟೆಯಾಗಿದ್ದರೆ ಪಾಲಿಶ್, ಇಲ್ಲವೇ ಹೊಸ ಸ್ಟಾಫ್ (ಬ್ಯಾಲೆನ್ಸಿನ ಅಚ್ಚು).

ನಮ್ಮ ಕಡೆ ಇನ್ನೊಂದು ತೊಂದರೆ. ಸಂಡೂರಿನ ಕೆಂಪು ದೂಳು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಅಕ್ಕಸಾಲಿಗರು ಚಿನ್ನಕ್ಕೆ ಹೊಳಪು ಕೊಡಲು ಬಳಸುವ ರೂಜ್ ಕೂಡ ಅದೇ ವಸ್ತು. ಎಣ್ಣೆಯಲ್ಲಿ ಕಲೆತರೆ ಪಿವಟ್ಟನ್ನು ಸವೆಸುವ ಪೇಸ್ಟ್ ಆಗುತ್ತದೆ. ಹಳೆಯ ಕೇಸುಗಳಿಗೆ ಗ್ಯಾಸ್ಕೆಟ್ ಇದ್ದರೂ ಒಣಗಿ ಸೀಳಿರುತ್ತದೆ. ಬ್ಯಾಕ್ ಮುಚ್ಚುವಾಗ ಹೊಸದು ಹಾಕುವುದನ್ನು ಮರೆಯಬೇಡಿ.

ಒಳಗೆ ಕಟ್ಟುವ ವಾಚಿನ ಗಾಜು ಮೇಜಿಗೆ ಉಜ್ಜುತ್ತದೆ. ಅಕ್ರಿಲಿಕ್ ಆದರೆ ಪಾಲಿಶ್ ಹಚ್ಚಿ ತಿಕ್ಕಿದರೆ ಗೀರು ಹೋಗುತ್ತದೆ. ಲ್ಯಾಪ್‌ಟಾಪಿನ ಅಯಸ್ಕಾಂತದ ಹತ್ತಿರವೇ ಕೂರುವುದರಿಂದ ದಿನಕ್ಕೆ ಹಲವು ನಿಮಿಷ ಮುಂದೆ ಓಡಿದರೆ ಮೊದಲು ಡಿಮ್ಯಾಗ್ನೆಟೈಸ್ ಮಾಡಿ (ಅಂಟಿದ ಕಾಂತಗುಣ ತೆಗೆದು) ನೋಡಿ, ಬಿಚ್ಚಬೇಡಿ.

ಬಹಳ ಹಳೆಯ ಪೈಲಟ್ ವಾಚಿನ ಅಂಕಿಗಳು ಕಂದು ಬಣ್ಣಕ್ಕೆ ತಿರುಗಿದ್ದರೆ, ಅದು ಕತ್ತಲಲ್ಲಿ ಹೊಳೆಯಲು ಹಚ್ಚಿದ ರೇಡಿಯಂ ಬಣ್ಣ ಆಗಿರಬಹುದು ಎಂದೇ ಭಾವಿಸಿ. ಹೊಳಪು ಸತ್ತಿರುತ್ತದೆ, ವಿಕಿರಣ ಸತ್ತಿರುವುದಿಲ್ಲ. ರೇಡಿಯಂ 226ರ ಅರ್ಧಾಯುಷ್ಯ ಸುಮಾರು 1,600 ವರ್ಷ. ಅದನ್ನು ಕೆರೆಯಬೇಡಿ, ಬ್ಲೋವರ್ ಊದಬೇಡಿ. ಮೇಜಿನ ಮೇಲೆ ಟೀ ಗ್ಲಾಸಂತೂ ಬೇಡವೇ ಬೇಡ.

ಡೆಲಿವರಿಗೆ ಮೊದಲು ವಾಚನ್ನು ಮೆತ್ತನೆ ಬಟ್ಟೆಯ ಮೇಲೆ ಡಯಲ್ ಕೆಳಗೆ ಮಾಡಿ 24 ಗಂಟೆ ಬಿಡಿ, ಫೋನಿನ ಟೈಮಿಗೆ ಹೋಲಿಸಿ. ಅರ್ಧ ನಿಮಿಷಕ್ಕಿಂತ ಹೆಚ್ಚು ತಪ್ಪಿದರೆ ಕವರಿಗೆ ಹಾಕಬೇಡಿ, ಡಯಲ್ ಮತ್ತೆ ಬಿಚ್ಚಿ.