ಹ್ಯಾವ್‌ಲಾಕ್‌ನಿಂದ ಮನೆಗೆ: ಅಂಡಮಾನ್ ಪ್ರವಾಸದ ಕೊನೆಯ ಎರಡು ದಿನಗಳ ಲೆಕ್ಕ

ಅಂಡಮಾನಿಗೆ ಹೊರಡುವವರು ಮೊದಲ ನಾಲ್ಕು ದಿನಗಳಿಗೆ ಗಂಟೆ ಗಂಟೆಯ ಯೋಜನೆ ಹಾಕಿಕೊಂಡಿರುತ್ತಾರೆ. ವಾಪಸ್ ಬರುವ ದಿನಕ್ಕೆ ಮಾತ್ರ ‘ಚೆಕ್ ಔಟ್, ಏರ್‌ಪೋರ್ಟ್’ ಅಂತ ಒಂದೇ ಸಾಲು. ಪ್ರವಾಸ ಎಡವುವುದು ಹೆಚ್ಚಾಗಿ ಆ ಸಾಲಿನಲ್ಲೇ. ಹ್ಯಾವ್‌ಲಾಕ್ ಅಥವಾ ನೀಲ್ ದ್ವೀಪದಿಂದ ಮನೆ ಸೇರಬೇಕೆಂದರೆ ಮೊದಲು ಕಡಲು ದಾಟಬೇಕು, ಆಮೇಲೆ ವಿಮಾನ ಹತ್ತಬೇಕು. ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಬೇಡಿ. ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಉಳಿಯಿರಿ. ಮುಂದೆ ಹೇಳುವುದೆಲ್ಲ ಈ ಒಂದು ತೀರ್ಮಾನವನ್ನೇ ನೆಚ್ಚಿಕೊಂಡಿದೆ.

ಹೆಸರುಗಳನ್ನು ಮೊದಲೇ ತಿಳಿದಿರಿ. ಹ್ಯಾವ್‌ಲಾಕ್ 2018ರ ಡಿಸೆಂಬರ್‌ನಿಂದ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. ಪೋರ್ಟ್ ಬ್ಲೇರ್ 2024ರ ಸೆಪ್ಟೆಂಬರ್‌ನಿಂದ ಶ್ರೀ ವಿಜಯಪುರಂ. ಟಿಕೆಟ್‌ಗಳಲ್ಲಿ, ಹೋಟೆಲ್ ಆ್ಯಪ್‌ಗಳಲ್ಲಿ ಹಳೆಯದು ಹೊಸದು ಎರಡೂ ಕಾಣುತ್ತವೆ. ವಿಮಾನ ನಿಲ್ದಾಣದ ಸಂಕೇತ ಮಾತ್ರ ಐಎಕ್ಸ್‌ಝಡ್ ಎಂದೇ ಇದೆ; ಟಿಕೆಟ್ ಹುಡುಕುವಾಗ ಅದನ್ನೇ ಹಾಕಿದರೆ ಗೊಂದಲವಿಲ್ಲ.

ದೋಣಿ ಮೊದಲು, ವಿಮಾನ ಮರುದಿನ

ಹ್ಯಾವ್‌ಲಾಕ್‌ನಿಂದ ಪೋರ್ಟ್ ಬ್ಲೇರ್‌ಗೆ ಖಾಸಗಿ ಫೆರಿಯಲ್ಲಿ ಒಂದೂವರೆಯಿಂದ ಎರಡೂವರೆ ಗಂಟೆ. ಕಾಗದದ ಮೇಲೆ ನೋಡಿದರೆ ಬೆಳಿಗ್ಗೆ ಫೆರಿ ಹತ್ತಿ ಮಧ್ಯಾಹ್ನದ ವಿಮಾನ ಹಿಡಿಯಬಹುದು ಅನಿಸುತ್ತದೆ. ಹಾಗೆ ಬುಕ್ ಮಾಡಿದವರಿಗೆ ಕಡಲು ಕೈಕೊಟ್ಟರೆ ಮುಂದೆ ದಾರಿಯೇ ಇರುವುದಿಲ್ಲ. ಗಾಳಿ ಎದ್ದರೆ ಬಂದರು ಅಧಿಕಾರಿಗಳು ಎಲ್ಲ ದೋಣಿಗಳನ್ನೂ ನಿಲ್ಲಿಸುತ್ತಾರೆ. ದುಡ್ಡು ಹೆಚ್ಚು ಕೊಟ್ಟರೂ ಯಾರೂ ಕರೆದುಕೊಂಡು ಹೋಗುವುದಿಲ್ಲ, ಹೋಗಲೂಬಾರದು. ಎಂಜಿನ್ ತೊಂದರೆಯಿಂದ ತಡವಾಗುವುದೂ ಉಂಟು. ಫೆರಿ ಕಂಪನಿ ನಿಮಗೆ ಟಿಕೆಟ್ ಹಣ ವಾಪಸ್ ಕೊಡಬಹುದು, ತಪ್ಪಿದ ವಿಮಾನದ ಹಣ ಕೊಡುವುದಿಲ್ಲ.

2016ರ ಡಿಸೆಂಬರ್‌ನಲ್ಲಿ ವಾಯುಭಾರ ಕುಸಿತದಿಂದ ಹ್ಯಾವ್‌ಲಾಕ್ ಮತ್ತು ನೀಲ್‌ಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಕೊಂಡು, ನೌಕಾಪಡೆಯ ಹಡಗುಗಳೇ ಹೋಗಿ ಕರೆತರಬೇಕಾಯಿತು. ಅಂಥದು ಪ್ರತಿ ವರ್ಷ ಆಗುವುದಿಲ್ಲ. ಆದರೆ ನಮ್ಮ ಕಡೆಯವರು ಅಂಡಮಾನಿಗೆ ಹೋಗುವುದೇ ದಸರಾ ರಜೆಯಲ್ಲಿ, ಕ್ರಿಸ್‌ಮಸ್ ರಜೆಯಲ್ಲಿ, ಇಲ್ಲವೇ ಮೇ ಕೊನೆಗೆ ಮಕ್ಕಳ ಶಾಲೆ ತೆರೆಯುವ ಮುಂಚೆ. ಅಕ್ಟೋಬರ್‌ನಿಂದ ಡಿಸೆಂಬರ್ ಬಂಗಾಳಕೊಲ್ಲಿಯಲ್ಲಿ ಚಂಡಮಾರುತದ ಕಾಲ. ಮೇ ತಿಂಗಳೂ ಹಾಗೆಯೇ. ಕರ್ನಾಟಕಕ್ಕೆ ಜೂನ್‌ನಲ್ಲಿ ಬರುವ ಮುಂಗಾರು ಅಂಡಮಾನಿಗೆ ಮೇ ಮೂರನೇ ವಾರದ ಹೊತ್ತಿಗೇ ತಲುಪಿರುತ್ತದೆ. ಈ ತಿಂಗಳುಗಳಲ್ಲಿ ಪೋರ್ಟ್ ಬ್ಲೇರ್‌ನಲ್ಲಿ ಒಂದು ರಾತ್ರಿಯ ಬದಲು ಎರಡು ರಾತ್ರಿ ಇಟ್ಟುಕೊಂಡರೆ ನೆಮ್ಮದಿ. ನೋಡಲು ಸೆಲ್ಯುಲಾರ್ ಜೈಲು, ರಾಸ್ ದ್ವೀಪ ಇದ್ದೇ ಇವೆ. ಅವನ್ನು ಮೊದಲ ದಿನ ಮುಗಿಸದೆ ಕೊನೆಗೆ ಉಳಿಸಿಕೊಳ್ಳಿ. ಆಗ ದೋಣಿ ಒಂದು ದಿನ ತಡವಾದರೂ ಕಳೆದುಕೊಳ್ಳುವುದು ಒಂದು ಸುತ್ತಾಟ ಮಾತ್ರ.

ವಾಪಸ್ ಫೆರಿಯನ್ನು ದಿನದ ಕೊನೆಯದಕ್ಕೆ ಬುಕ್ ಮಾಡಬೇಡಿ. ಕೊನೆಯದು ರದ್ದಾದರೆ ಆ ದಿನ ಬೇರೆ ಇರುವುದಿಲ್ಲ. ಮಧ್ಯಾಹ್ನದ ಹೊತ್ತಿನದು ಹಿಡಿದರೆ ಹಿಂದೆ ಇನ್ನೊಂದಾದರೂ ಇರುತ್ತದೆ. ಖಾಸಗಿ ಫೆರಿ ರದ್ದಾದಾಗ ಸರ್ಕಾರಿ ಹಡಗಿನ ಕೌಂಟರ್ ಕಡೆಗೂ ಒಬ್ಬರನ್ನು ಓಡಿಸಿ. ದೊಡ್ಡ ಹಡಗುಗಳು ಸ್ವಲ್ಪ ಒರಟು ಕಡಲಿನಲ್ಲೂ ಹೊರಡುವುದುಂಟು. ಪೋರ್ಟ್ ಬ್ಲೇರ್‌ನಲ್ಲಿ ಇಳಿಯುವ ಜೆಟ್ಟಿ ಹ್ಯಾಡೋ ಆಗಿರಬಹುದು, ಫೀನಿಕ್ಸ್ ಬೇ ಆಗಿರಬಹುದು. ಟ್ಯಾಕ್ಸಿಯವರಿಗೆ ಹೇಳುವ ಮುಂಚೆ ಟಿಕೆಟ್ ನೋಡಿಕೊಳ್ಳಿ. ಫೆರಿ ಹೊರಡುವ ಒಂದು ಗಂಟೆ ಮೊದಲೇ ಜೆಟ್ಟಿಯಲ್ಲಿರಬೇಕು, ಪ್ರತಿಯೊಬ್ಬರ ಗುರುತಿನ ಚೀಟಿ ಕೈಯಲ್ಲಿರಬೇಕು, ಮಕ್ಕಳದ್ದೂ ಸೇರಿ. ದೊಡ್ಡ ಬ್ಯಾಗುಗಳನ್ನು ಹತ್ತುವಾಗಲೇ ಒಂದೆಡೆ ಪೇರಿಸುತ್ತಾರೆ, ಮೇಲೆ ಕಡಲ ನೀರು ಸಿಡಿಯಬಹುದು. ಔಷಧಿ, ಫೋನ್, ಲ್ಯಾಪ್‌ಟಾಪ್, ಗುರುತಿನ ಚೀಟಿ ಸಣ್ಣ ಚೀಲದಲ್ಲಿ ನಿಮ್ಮ ಜೊತೆಗೇ ಇರಲಿ. ಹೊಟ್ಟೆ ತೊಳಸುವವರು ಮಾತ್ರೆಯನ್ನು ಹೊರಡುವ ಒಂದು ಗಂಟೆ ಮೊದಲು ನುಂಗಬೇಕು. ವಾಂತಿ ಶುರುವಾದ ಮೇಲೆ ನುಂಗಿದರೆ ಅದು ಒಳಗೆ ನಿಲ್ಲುವುದಿಲ್ಲ.

ರಸ್ತೆಯಲ್ಲಿ ಹೋಗಿಬರುವ ಬಾರಾಟಾಂಗ್ ದ್ವೀಪದ ಪ್ರವಾಸವನ್ನೂ ವಿಮಾನದ ದಿನ ಇಟ್ಟುಕೊಳ್ಳಬೇಡಿ. ದಾರಿಯಲ್ಲಿ ಸಿಗುವ ಜಾರವಾ ಬುಡಕಟ್ಟಿನವರ ಮೀಸಲು ಪ್ರದೇಶದ ಮೂಲಕ ವಾಹನಗಳನ್ನು ಬಿಡುವುದು ಜಿರ್ಕಾಟಾಂಗ್‌ನಿಂದ ನಿಗದಿತ ಹೊತ್ತಿಗೆ, ಸಾಲಾಗಿ, ಬೆಂಗಾವಲಿನಲ್ಲಿ. ವಾಪಸ್ ಬರುವಾಗ ಒಂದು ಸರದಿ ತಪ್ಪಿದರೆ ಗಂಟೆಗಟ್ಟಲೆ ಕಾಯಬೇಕು.

ಡೈವಿಂಗ್ ಮಾಡಿದವರ ಗಡಿಯಾರ

ಹೆಚ್ಚಿನವರು ಗಮನಿಸದೆ ಬಿಡುವ, ಆದರೆ ಜೀವಕ್ಕೇ ಸಂಬಂಧಿಸಿದ ವಿಷಯ ಇದು: ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲಾಳಕ್ಕೆ ಇಳಿದು ಬಂದವರು ಕೂಡಲೇ ವಿಮಾನ ಹತ್ತಬಾರದು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಅಲ್ಲಿ ಸಿಲಿಂಡರಿನ ಗಾಳಿ ಉಸಿರಾಡಿದಾಗ ನೈಟ್ರೋಜನ್ ಹೆಚ್ಚು ಪ್ರಮಾಣದಲ್ಲಿ ರಕ್ತಕ್ಕೂ ಅಂಗಾಂಶಗಳಿಗೂ ಸೇರುತ್ತದೆ. ಮೇಲೆ ಬಂದ ಮೇಲೆ ಅದು ನಿಧಾನವಾಗಿ ಉಸಿರಿನ ಮೂಲಕ ಹೊರಹೋಗಬೇಕು. ವಿಮಾನದ ಒಳಗಿನ ಒತ್ತಡ ನೆಲದ ಮಟ್ಟದ್ದಲ್ಲ, ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟು. ನೈಟ್ರೋಜನ್ ಪೂರ್ತಿ ಹೊರಹೋಗುವ ಮುಂಚೆ ಆ ಒತ್ತಡಕ್ಕೆ ಹೋದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ, ದೇಹದೊಳಗೆ ಗುಳ್ಳೆಗಳು ಏಳಬಹುದು.

ಡೈವಿಂಗ್ ಸುರಕ್ಷತೆಯ ಸಂಸ್ಥೆಗಳ ಮಾರ್ಗಸೂಚಿ ಹೀಗಿದೆ: ಒಂದೇ ಒಂದು ಸಾಧಾರಣ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನಗಳ ಡೈವ್ ಆದರೆ ಕನಿಷ್ಠ 18 ಗಂಟೆ, ಮೇಲೆ ಬರುವಾಗ ಕಡ್ಡಾಯ ನಿಲುಗಡೆ ಬೇಕಾಗುವಷ್ಟು ಆಳ, ಅಷ್ಟು ಹೊತ್ತು ಇದ್ದವರಿಗೆ 18ಕ್ಕಿಂತ ಗಣನೀಯವಾಗಿ ಹೆಚ್ಚು. ಲೆಕ್ಕ ಇಟ್ಟುಕೊಳ್ಳಲು ಎಲ್ಲರಿಗೂ 24 ಗಂಟೆ ಎಂದೇ ಹಿಡಿಯಿರಿ. ಎಣಿಸಲು ಶುರು ಮಾಡುವುದು ಕೊನೆಯ ಡೈವ್ ಮುಗಿಸಿ ನೀರಿನ ಮೇಲೆ ಬಂದ ನಿಮಿಷದಿಂದ. ಗುರುವಾರ ಬೆಳಿಗ್ಗೆ 11ಕ್ಕೆ ವಿಮಾನವಿದ್ದರೆ ಬುಧವಾರ ಬೆಳಿಗ್ಗೆ 11ರ ಒಳಗೆ ನೀರಿನಿಂದ ಹೊರಗಿರಬೇಕು. ಮಧ್ಯಾಹ್ನದ ಫೆರಿಗೂ ಇದು ಸರಿಹೊಂದುತ್ತದೆ. ಇನ್ನೂ ಒಳ್ಳೆಯದು, ಡೈವಿಂಗನ್ನು ಹ್ಯಾವ್‌ಲಾಕ್‌ಗೆ ಬಂದ ಮರುದಿನವೇ ಮುಗಿಸಿ ಕೊನೆಯ ದಿನವನ್ನು ರಾಧಾನಗರ್ ಕಡಲತೀರಕ್ಕೆ ಬಿಡುವುದು.

ತರಬೇತಿ ಇಲ್ಲದವರಿಗೆ ಮಾಡಿಸುವ ಮೊದಲ ಸಲದ ಡೈವ್ ಕೂಡ ಡೈವೇ, ಅದಕ್ಕೂ ಕಾಯಬೇಕು. ಸೀ ವಾಕ್ ಬಗ್ಗೆ ಯಾರೂ ಹೇಳುವುದಿಲ್ಲ. ತಲೆಗೆ ಹೆಲ್ಮೆಟ್ ಹಾಕಿ ಕಡಲ ತಳದಲ್ಲಿ ನಡೆಸುವಾಗಲೂ ಒಳಗೆ ಬರುವುದು ಮೇಲಿನಿಂದ ಪಂಪ್ ಮಾಡಿದ ಗಾಳಿ, ಸುತ್ತಲಿನ ನೀರಿನಷ್ಟೇ ಒತ್ತಡದಲ್ಲಿ. ಆಳ ಕಡಿಮೆ, ಅಪಾಯವೂ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಪೋರ್ಟ್ ಬ್ಲೇರ್ ಪಕ್ಕದ ನಾರ್ತ್ ಬೇಯಲ್ಲಿ ಬೆಳಿಗ್ಗೆ ಸೀ ವಾಕ್ ಮುಗಿಸಿ ಮಧ್ಯಾಹ್ನ ವಿಮಾನ ಹತ್ತಿಸುವ ಪ್ಯಾಕೇಜುಗಳನ್ನು ಒಪ್ಪಿಕೊಳ್ಳಬೇಡಿ. ಸ್ನಾರ್ಕ್ಲಿಂಗ್, ಗಾಜಿನ ತಳದ ದೋಣಿಗಳಿಗೆ ಈ ನಿಯಮವಿಲ್ಲ. ಅವನ್ನು ಕೊನೆಯ ದಿನವೂ ಮಾಡಬಹುದು.

ಡೈವ್ ನಂತರ ಕಿವಿ ಕಟ್ಟಿದಂತಿದ್ದರೆ, ನೋವಿದ್ದರೆ ಪೋರ್ಟ್ ಬ್ಲೇರ್‌ನಲ್ಲೇ ವೈದ್ಯರಿಗೆ ತೋರಿಸಿ. ಮಧ್ಯಕಿವಿಯಲ್ಲಿ ಒತ್ತಡ ಸರಿಹೋಗದೆ ವಿಮಾನ ಇಳಿಯುವಾಗ ಆ ನೋವು ಇನ್ನೂ ಹೆಚ್ಚಾಗಬಹುದು, ಕಿವಿಪೊರೆಗೂ ಪೆಟ್ಟಾಗಬಹುದು.

ಪೋರ್ಟ್ ಬ್ಲೇರ್‌ನ ಆ ಸಂಜೆ

ಕೊನೆಯ ರಾತ್ರಿಗೆ ಬಿಸಿಲು ಬೀಳುವ ಬಾಲ್ಕನಿಯಾಗಲಿ, ಒಳ್ಳೆಯ ಫ್ಯಾನ್ ಆಗಲಿ ಇರುವ ಕೋಣೆ ಹಿಡಿಯಿರಿ. ಕಡಲು ಕಾಣದಿದ್ದರೂ ಪರವಾಗಿಲ್ಲ. ಒದ್ದೆ ಬಟ್ಟೆ ಒಣಗಬೇಕು. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಸಿಗುವುದು 15 ಕೆಜಿ ಚೆಕ್-ಇನ್, 7 ಕೆಜಿ ಕೈಚೀಲ. ನೀರು ಹೀರಿದ ಟವೆಲ್, ಮರಳು ತುಂಬಿದ ಚಪ್ಪಲಿ ಸೇರಿದರೆ ಬಂದಾಗ 14 ಕೆಜಿ ಇದ್ದ ಬ್ಯಾಗು 17 ಮುಟ್ಟುತ್ತದೆ. ಕತ್ತಲಾಗುವುದೂ ಬೇಗ. ಅಂಡಮಾನ್ ನಮಗಿಂತ ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ಅದೇ ಆದ್ದರಿಂದ ಚಳಿಗಾಲದಲ್ಲಿ ಸಂಜೆ ಐದರ ಸುಮಾರಿಗೇ ಸೂರ್ಯ ಮುಳುಗಿರುತ್ತದೆ. ಹಾಗಾಗಿ ಮೂರಕ್ಕೆ ಕೋಣೆ ಸೇರಿದ ಕೂಡಲೇ ಒಗೆದು ಹರವಿ, ಆಮೇಲೆ ಸುತ್ತಲು ಹೋಗಿ.

ಉಪ್ಪುನೀರು ಕಂಡ ಕ್ಯಾಮೆರಾ, ಮಾಸ್ಕ್‌ಗಳನ್ನು ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಒಣಗಿದ ಮೇಲೆಯೇ ತೆರೆಯಿರಿ. ಉಪ್ಪು ಒಣಗಿ ಹರಳಾದರೆ ರಬ್ಬರ್ ಉಂಗುರವನ್ನು ಕೊರೆಯುತ್ತದೆ, ಮುಂದಿನ ಸಲ ನೀರು ಒಳಗೆ ನುಗ್ಗುತ್ತದೆ. ನೀರೊಳಗಿನ ಕ್ಯಾಮೆರಾ ಪೆಟ್ಟಿಗೆಯನ್ನು ವಿಮಾನದಲ್ಲಿ ಬಿಗಿಯಾಗಿ ಮುಚ್ಚಿಡಬೇಡಿ. ಒತ್ತಡದ ವ್ಯತ್ಯಾಸಕ್ಕೆ ಅದು ಕಚ್ಚಿಕೊಂಡು ತೆಗೆಯಲು ಬರುವುದಿಲ್ಲ.

ಹವಳ, ಚಿಪ್ಪುಗಳ ಬಗ್ಗೆ ಖಡಾಖಂಡಿತವಾಗಿ ಹೇಳಬೇಕು: ಕಡಲತೀರದಲ್ಲಿ ಹೆಕ್ಕಿದ ಒಂದು ಹವಳದ ಚೂರನ್ನೂ ಬ್ಯಾಗಿಗೆ ಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬಂಡೆ ಕಟ್ಟುವ ಹವಳಗಳು ಮೊದಲ ಅನುಸೂಚಿಯಲ್ಲಿವೆ, ಅಂದರೆ ಹುಲಿಗೆ ಇರುವ ರಕ್ಷಣೆಯೇ. ಸತ್ತು ಬಿಳಿಯಾದದ್ದು, ಅಲೆ ತಂದು ಹಾಕಿದ್ದು ಎಂಬ ಸಮಜಾಯಿಷಿ ನಡೆಯುವುದಿಲ್ಲ. ಹಲವು ಶಂಖ, ಚಿಪ್ಪುಗಳಿಗೂ ರಕ್ಷಣೆಯಿದೆ. ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಅವು ಸ್ಪಷ್ಟವಾಗಿ ಕಾಣುತ್ತವೆ, ಬ್ಯಾಗು ಬಿಚ್ಚಿಸುತ್ತಾರೆ. ಮಕ್ಕಳ ಜೇಬು, ಆಟಿಕೆ ಬಕೆಟ್‌ಗಳನ್ನು ಹಿಂದಿನ ರಾತ್ರಿಯೇ ನೋಡಿ. ದೊಡ್ಡವರಿಗೆ ಗೊತ್ತಿಲ್ಲದೆ ಸೇರಿಕೊಳ್ಳುವುದು ಅಲ್ಲಿಂದಲೇ. ಚಿಪ್ಪಿನ ವಸ್ತು ಬೇಕೇಬೇಕೆಂದರೆ ಸಾಗರಿಕಾ ಸರ್ಕಾರಿ ಮಳಿಗೆಯಲ್ಲಾಗಲಿ ಪರವಾನಗಿ ಇರುವ ಅಂಗಡಿಯಲ್ಲಾಗಲಿ ಕೊಂಡು, ಬಿಲ್ಲನ್ನು ಕೈಚೀಲದಲ್ಲಿಡಿ.

ಒಣ ಕೊಬ್ಬರಿಯನ್ನೂ ತರಬೇಡಿ. ಎಣ್ಣೆಯಂಶ ಹೆಚ್ಚಿರುವ ಅದು ತಾನಾಗಿಯೇ ಬಿಸಿಯಾಗಬಲ್ಲ ವಸ್ತುಗಳ ಪಟ್ಟಿಯಲ್ಲಿದೆ. ಪವರ್ ಬ್ಯಾಂಕ್, ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಬರಬೇಕು. ಚೆಕ್-ಇನ್ ಬ್ಯಾಗಿನಲ್ಲಿದ್ದರೆ ಹೆಸರು ಕೂಗಿ ಕರೆಸುತ್ತಾರೆ. ಅನುಮತಿ ಕೇಳದೆ ಒಯ್ಯಬಹುದಾದದ್ದು 100 ವಾಟ್-ಅವರ್‌ವರೆಗೆ. ಪವರ್ ಬ್ಯಾಂಕ್ ಮೇಲೆ ಬರೆದಿರುವ ಎಂಎಎಚ್ ಸಂಖ್ಯೆಯನ್ನು 3.7ರಿಂದ ಗುಣಿಸಿ 1,000ದಿಂದ ಭಾಗಿಸಿ: 20,000 ಎಂಎಎಚ್ ಅಂದರೆ 74 ವಾಟ್-ಅವರ್, ಚಿಂತೆಯಿಲ್ಲ. ಡೈವಿಂಗ್ ಟಾರ್ಚಿನ ಬ್ಯಾಟರಿ ಬಿಚ್ಚಿ ಬೇರೆ ಇಡಿ. ಒಳಗೇ ಉಳಿದು ಬ್ಯಾಗಿನಲ್ಲಿ ಹತ್ತಿಕೊಂಡರೆ ನೀರಿನ ತಂಪಿಲ್ಲದೆ ಸುಡುವಷ್ಟು ಕಾಯುತ್ತದೆ.

ವೆಬ್ ಚೆಕ್-ಇನ್ ಅನ್ನು ಪೋರ್ಟ್ ಬ್ಲೇರ್ ತಲುಪಿದ ಕೂಡಲೇ ಮುಗಿಸಿ, ಬೋರ್ಡಿಂಗ್ ಪಾಸಿನ ಚಿತ್ರ ಫೋನಿನಲ್ಲಿ ಉಳಿಸಿಕೊಳ್ಳಿ. 2020ರಲ್ಲಿ ಚೆನ್ನೈನಿಂದ ಕಡಲಡಿಯ ಕೇಬಲ್ ಬಂದ ಮೇಲೆ ಇಂಟರ್ನೆಟ್ ಬಹಳ ಸುಧಾರಿಸಿದೆ. ಆದರೂ ಸಣ್ಣ ದ್ವೀಪಗಳಲ್ಲಿ ನೆಟ್‌ವರ್ಕ್ ನಂಬಿ ಕೂರುವಂತಿಲ್ಲ.

ವಿಮಾನದ ಬೆಳಿಗ್ಗೆ

ನಿಲ್ದಾಣ ಊರಿಗೆ ಅಂಟಿಕೊಂಡೇ ಇದೆ. ಅಬರ್ಡೀನ್ ಬಜಾರ್ ಸುತ್ತ ಉಳಿದಿದ್ದರೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಆದರೂ ಎರಡು ಗಂಟೆ ಮೊದಲೇ ಹೋಗಿ, ಏಕೆಂದರೆ ಹೆಚ್ಚಿನ ವಿಮಾನಗಳು ಹಗಲಿನ ಕೆಲವೇ ಗಂಟೆಗಳಲ್ಲಿ ಒಟ್ಟಾಗಿ ಹೊರಡುತ್ತವೆ. 2023ರಲ್ಲಿ ಹೊಸ ಟರ್ಮಿನಲ್ ಬಂದು ಜಾಗ ಹೆಚ್ಚಿದ್ದರೂ ಆ ಹೊತ್ತಿನಲ್ಲಿ ಸಾಲು ಉದ್ದವೇ. ಲಗೇಜ್ ಕೌಂಟರ್ ಸಾಮಾನ್ಯವಾಗಿ ವಿಮಾನ ಹೊರಡುವ 60 ನಿಮಿಷ ಮೊದಲು ಮುಚ್ಚುತ್ತದೆ. ರನ್‌ವೇ ನೌಕಾಪಡೆಯದ್ದೂ ಆಗಿರುವುದರಿಂದ ವಿಮಾನದತ್ತ ನಡೆಯುವಾಗ, ಕಿಟಕಿಯಿಂದ ರನ್‌ವೇ ಕಡೆ ಫೋನ್ ಎತ್ತಬೇಡಿ.

ಬೆಂಗಳೂರಿಗೆ ನೇರ ವಿಮಾನ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ಹಿಡಿಯಿರಿ. ಚೆನ್ನೈ ಮೂಲಕ ಬರುವುದಾದರೆ ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿರಲಿ. ಆಗ ಮೊದಲನೆಯದು ತಡವಾದರೆ ಮುಂದಿನದರ ಹೊಣೆ ವಿಮಾನ ಕಂಪನಿಯದು. ಬೇರೆ ಬೇರೆ ಟಿಕೆಟ್ ಆದರೆ ಚೆನ್ನೈನಲ್ಲಿ ಬ್ಯಾಗು ತೆಗೆದುಕೊಂಡು ಮತ್ತೆ ಕೌಂಟರ್‌ಗೆ ಬರಬೇಕು, ಅದಕ್ಕೆ ನಾಲ್ಕು ಗಂಟೆಯ ಅಂತರ ಬಿಡಿ.

ಮನೆ ಸೇರಿದ ಮೇಲೂ ಡೈವಿಂಗ್ ಮಾಡಿದವರು ಎರಡು ದಿನ ಮೈಮೇಲೆ ಗಮನವಿಡಿ. ಭುಜ, ಮೊಣಕೈ, ಮೊಣಕಾಲಿನ ಕೀಲುಗಳಲ್ಲಿ ಕಾರಣವಿಲ್ಲದ ನೋವು, ಕೈಕಾಲು ಜುಮುಗುಡುವುದು, ಚರ್ಮದ ಮೇಲೆ ಕಲೆ, ತಲೆಸುತ್ತು, ವಿಪರೀತ ಸುಸ್ತು ಕಂಡರೆ ಪ್ರಯಾಣದ ಆಯಾಸ ಎಂದು ಮಲಗಿಬಿಡಬೇಡಿ; ಅದು ಮೇಲೆ ಹೇಳಿದ ನೈಟ್ರೋಜನ್ ಗುಳ್ಳೆಗಳ ಲಕ್ಷಣವಾಗಿರಬಹುದು. ಆಸ್ಪತ್ರೆಯಲ್ಲಿ ಮೊದಲ ಮಾತೇ ಡೈವಿಂಗ್ ಮಾಡಿ ವಿಮಾನದಲ್ಲಿ ಬಂದೆ ಎಂಬುದಾಗಿರಲಿ, ಎಷ್ಟು ಆಳ, ಯಾವ ದಿನ, ಎಷ್ಟು ಗಂಟೆಗೆ ಮೇಲೆ ಬಂದಿರಿ ಎಂಬುದನ್ನೂ ತಿಳಿಸಿ. ಶುದ್ಧ ಆಮ್ಲಜನಕ ಕೊಡುವುದು ಮೊದಲ ಚಿಕಿತ್ಸೆ, ಅದು ಬೇಗ ಸಿಕ್ಕಷ್ಟೂ ಒಳ್ಳೆಯದು.