ಕೊಡದ ದೇವರು, ನೋಡುವ ನೆಂಟರು

ಸೆಪ್ಟೆಂಬರ್ 6, 2025, ಶನಿವಾರ
ಅನಂತ ಚತುರ್ದಶಿ

ನಮ್ಮ ಜೈನರ ಹತ್ತು ದಿನದ ದಶಲಕ್ಷಣ ಪರ್ವ ಇವತ್ತಿಗೆ ಮುಗಿಯಿತು. ಹೊರಗೆ ಗಣಪತಿ ಬಿಡುವವರ ತಮಟೆ ಇನ್ನೂ ನಿಂತಿಲ್ಲ, ಹಾಗಾಗಿ ನಿದ್ದೆಯಂತೂ ಬರುವುದಿಲ್ಲ. ಸಂಜೆ ಅಮ್ಮನ ಜೊತೆ ಫೋನಿನಲ್ಲಿ ಆದ ಜಗಳವನ್ನಾದರೂ ಬರೆದಿಡೋಣ ಅಂತ ಕೂತೆ. ಜಗಳ ನನ್ನ ಮಗಳ ಉಪವಾಸದ ಬಗ್ಗೆ.

ಅವಳಿಗೆ ಒಂಬತ್ತು ವರ್ಷ. ಊರಿನಲ್ಲಿ ನನ್ನ ಅಣ್ಣನ ಮಗಳು ಈ ಸಲ ಮೂರು ದಿನ ಊಟ ಬಿಟ್ಟಿದ್ದಳು. ಬಸದಿಯಲ್ಲಿ ಅವಳಿಗೆ ಹಾರ ಹಾಕಿ, ಕೈಗೆ ತೆಂಗಿನಕಾಯಿ ಕೊಟ್ಟ ಫೋಟೋ ನಿನ್ನೆ ರಾತ್ರಿ ಮನೆಯವರ ವಾಟ್ಸಾಪ್ ಗುಂಪಿಗೆ ಬಂತು. ಕೆಳಗೆ ಸಾಲು ಸಾಲು ಕೈಮುಗಿದ ಚಿತ್ರಗಳು. ಬೆಳಿಗ್ಗೆ ಎದ್ದವಳೇ ಇವಳು, "ಅಮ್ಮಾ, ನಾನೂ ಇವತ್ತು ಏನೂ ತಿನ್ನಲ್ಲ" ಅಂದಳು. ನಾನು ಸುಮ್ನೆ ದೋಸೆ ಹಾಕಿ ಮುಂದಿಟ್ಟೆ. ಮುಖ ಊದಿಸಿಕೊಂಡೇ ತಿಂದಳು. ಆಮೇಲೆ ಅಜ್ಜಿಗೆ ಫೋನ್ ಮಾಡಿ ನನ್ನ ಮೇಲೆ ಚಾಡಿ ಹೇಳಿದಳು.

"ಒಪ್ಪತ್ತಾದರೂ ಮಾಡಲಿಕ್ಕೆ ಬಿಡಬಹುದಿತ್ತಲ್ಲ ಮಾರಾಯ್ತಿ. ಮಗು ತಾನಾಗಿ ಕೇಳುವಾಗ ಬೇಡ ಅನ್ನುವುದುಂಟಾ?" ಅಂತ ಅಮ್ಮ.

ತಾನಾಗಿ ಕೇಳಿದ್ದು ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ಅವಳು ಕೇಳಿದ್ದು ಆ ಹಾರವನ್ನು.

ನಾನು ಬೆಳೆದದ್ದು ಕಾರ್ಕಳದಲ್ಲಿ. 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟ ಗುಡ್ಡದ ಮೇಲೆ, ಅದರ ಎದುರಿನ ಸಣ್ಣ ಗುಡ್ಡದಲ್ಲಿ 1586ರ ಚತುರ್ಮುಖ ಬಸದಿ. ನಮಗೆ ಅವು ನೋಡುವ ಜಾಗಗಳಲ್ಲ, ಭಾನುವಾರ ಅಜ್ಜಿಯ ಹಿಂದೆ ಏದುಸಿರು ಬಿಡುತ್ತಾ ಹತ್ತುವ ಮೆಟ್ಟಿಲುಗಳು. ಪರೀಕ್ಷೆಯ ಹೊತ್ತಿಗೆ ಒಮ್ಮೆ ಗೊಮ್ಮಟನ ಕಾಲ ಬುಡದಲ್ಲಿ ಕಣ್ಣುಮುಚ್ಚಿ ನಿಂತಿದ್ದೆ. ಏನು ಬೇಡಿಕೊಂಡೆ ಅಂತ ಅಜ್ಜಿ ಕೇಳಿದಳು. ಲೆಕ್ಕದಲ್ಲಿ ಪಾಸು ಮಾಡಿಸು ಅಂತ ಅಂದೆ. ಅವಳಿಗೆ ನಗು ತಡೆಯಲಿಲ್ಲ. "ಉಟ್ಟ ಬಟ್ಟೆಯನ್ನೂ ಬಿಟ್ಟು ನಿಂತವ ಅವ. ನಿನಗೆ ಎಂಥ ಕೊಡ್ತಾನೆ ಮಗಾ? ಹೋಗಿ ಓದು."

ಜಿನಧರ್ಮದ ಬಗ್ಗೆ ನಾನು ಆಮೇಲೆ ಓದಿದ್ದು ಕೇಳಿದ್ದು ಬೇಕಾದಷ್ಟಿದೆ. ಅಜ್ಜಿಯ ಆ ಮಾತಿನಷ್ಟು ನೇರವಾಗಿ ಯಾರೂ ಹೇಳಲಿಲ್ಲ. ಜಗತ್ತನ್ನು ಯಾರೂ ಸೃಷ್ಟಿಸಿಲ್ಲ. ತಮ್ಮನ್ನೇ ಗೆದ್ದು ಹೋದ ಜಿನರು ಹಿಂದಿರುಗಿ ನೋಡುವುದಿಲ್ಲ, ವರ ಕೊಡುವುದಿಲ್ಲ, ಸಿಟ್ಟಾಗುವುದೂ ಇಲ್ಲ. ಹಾಸ್ಟೆಲಿನಲ್ಲಿ ಗೆಳತಿಯರು ರಾತ್ರಿಯಿಡೀ ದೇವರು ಇದ್ದಾನೋ ಇಲ್ಲವೋ ಅಂತ ಕಿತ್ತಾಡುವಾಗ ನನಗೆ ಆ ಜಗಳದಲ್ಲಿ ಜಾಗವೇ ಸಿಗುತ್ತಿರಲಿಲ್ಲ. ನಂಬಿಕೆ ನನ್ನಿಂದ ಜಾರಿಹೋದದ್ದು ಅದಕ್ಕೇ ಇರಬೇಕು, ಯಾವ ಗಲಾಟೆಯೂ ಇಲ್ಲದೆ. ಕರ್ಮ ಅಂದರೆ ಆತ್ಮಕ್ಕೆ ಅಂಟುವ ಸೂಕ್ಷ್ಮ ಕಣ ಅಂತ ಪಾಠದಲ್ಲಿ ಹೇಳಿಕೊಟ್ಟಿದ್ದರು. ಈಗ ಅದನ್ನು ನಂಬುವುದಿಲ್ಲ. ಇನ್ನೊಂದು ಜನ್ಮ ಇದೆ ಅಂತಲೂ ಅನ್ನಿಸುವುದಿಲ್ಲ.

ಮೈಗೆ ಹತ್ತಿದ್ದು ಮಾತ್ರ ಹೋಗಿಲ್ಲ. ಕತ್ತಲಾದ ಮೇಲೆ ಊಟವಿಲ್ಲದ ಮನೆಯಲ್ಲಿ ಬೆಳೆದವಳಿಗೆ ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ ಹಸಿವಾಗುತ್ತದೆ. ಆಫೀಸಿನಲ್ಲಿ ಆ ಹೊತ್ತಿಗೇ ಮೀಟಿಂಗ್ ಇರುತ್ತದೆ, ಅದು ಬೇರೆ ಮಾತು. ಸಿಂಕಿನಲ್ಲಿ ಇರುವೆ ಕಂಡರೆ ನಲ್ಲಿ ತಿರುಗಿಸಲು ಕೈ ಏಳುವುದಿಲ್ಲ. ಊರಲ್ಲಿ ನಲ್ಲಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿರುತ್ತಿದ್ದರು, ನೀರು ಸೋಸಲಿಕ್ಕೆ. ಇಲ್ಲಿ ಮನೆಯಲ್ಲಿ ಫಿಲ್ಟರ್ ಇದೆ. ಆದರೂ ಬಟ್ಟೆ ಇಲ್ಲದ ನಲ್ಲಿ ಯಾಕೋ ಬೋಳು ಬೋಳು ಅನ್ನಿಸುತ್ತದೆ.

ಅಜ್ಜಿಗೆ ಬೇಡಿಕೆಗಳೇ ಇರಲಿಲ್ಲ ಅಂದುಕೊಳ್ಳಬೇಡಿ. ಬೇಕಾದಷ್ಟಿದ್ದವು. ಅದಕ್ಕೆ ಅವಳು ಆಗುಂಬೆ ಘಾಟಿ ಹತ್ತಿ ಹುಂಚಕ್ಕೆ ಹೋಗುತ್ತಿದ್ದಳು. ಅಲ್ಲಿ ಪದ್ಮಾವತಿ ಅಮ್ಮನವರ ಬಲಗಡೆಯಿಂದ ಹೂ ಬಿದ್ದರೆ ಕೆಲಸ ಆದಂತೆ. ಮನೆಯ ದೈವಕ್ಕೆ ಕೋಲವೂ ತಪ್ಪುತ್ತಿರಲಿಲ್ಲ. ಧರ್ಮಸ್ಥಳಕ್ಕೂ ಹರಕೆ. ಅಲ್ಲಿ ಮಂಜುನಾಥ ಶಿವ, ಪೂಜೆ ವೈಷ್ಣವರದು, ಹೆಗ್ಗಡೆಯವರು ಜೈನರು. ನಮ್ಮ ಕಡೆ ಇದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಕಾಲೇಜು ಓದುವಾಗ ನನಗೆ ಇದೆಲ್ಲ ಬೂಟಾಟಿಕೆ ಅಂತ ಕಾಣುತ್ತಿತ್ತು. ಈಗ ಹಾಗನ್ನಿಸುವುದಿಲ್ಲ. ಯಾರ ಹತ್ತಿರ ಏನು ಕೇಳಬೇಕು ಅಂತ ಅವಳಿಗೆ ಗೊತ್ತಿತ್ತು. ಏನೂ ಕೇಳದೆ ಸುಮ್ನೆ ನಿಲ್ಲಲಿಕ್ಕೂ ಅವಳಿಗೆ ಒಂದು ಜಾಗ ಬೇಕಿತ್ತು. ಆ ಜಾಗ ಗುಡ್ಡದ ಮೇಲಿತ್ತು.

ಅಮ್ಮನಿಗೆ ಹೇಳಹೊರಟದ್ದೂ ಇದನ್ನೇ. ನೋಡದ, ಮೆಚ್ಚದ, ಏನೂ ಕೊಡದ ದೇವರ ಮುಂದೆ ಮಗು ಊಟ ಬಿಟ್ಟರೆ ಅದು ಯಾರಿಗೆ? ನೋಡುವವರು ನೆಂಟರು. ಮೆಚ್ಚುವವರೂ ಅವರೇ. ನಾನೂ ಸಣ್ಣವಳಿರುವಾಗ ಇದೇ ಚತುರ್ದಶಿಗೆ ಉಪವಾಸ ಮಾಡಿದ್ದೆ. ಹಸಿವು ಹೇಗಿತ್ತು ಅಂತ ನೆನಪಿಲ್ಲ. ದೊಡ್ಡವರೆಲ್ಲ "ಹೌದಾ, ನೀರೂ ಕುಡಿಯಲಿಲ್ವಾ!" ಅಂದದ್ದು ಚೆನ್ನಾಗಿ ನೆನಪಿದೆ. ಪರ್ವದಲ್ಲಿ ದಿನಕ್ಕೊಂದು ಗುಣ. ಮೊದಲ ದಿನದ ಉತ್ತಮ ಕ್ಷಮೆಯ ಮರುದಿನವೇ ಉತ್ತಮ ಮಾರ್ದವ, ಅಂದರೆ ಜಂಬ ಬಿಡುವುದು. ಆ ದಿನವೇ ಹಾರ ಹಾಕಿಸಿಕೊಂಡು ಕೂರುವವರೂ ಇದ್ದಾರೆ, ಬಿಡಿ.

2016ರಲ್ಲಿ ಹೈದರಾಬಾದಿನಲ್ಲಿ 13 ವರ್ಷದ ಹುಡುಗಿಯೊಬ್ಬಳು 68 ದಿನಗಳ ಉಪವಾಸ ಮುಗಿಸಿ, ಎರಡೇ ದಿನದಲ್ಲಿ ತೀರಿಕೊಂಡಳು. ಅವಳ ಉಪವಾಸ ಮುಗಿದದ್ದನ್ನೂ ಸಂಭ್ರಮದಿಂದ ಆಚರಿಸಿದ್ದರು. ನಾನು ಈ ವಿಷಯ ಎತ್ತಿದ ಕೂಡಲೇ ಅಮ್ಮನಿಗೆ ಸಿಟ್ಟು ಬಂತು. "ಅದಕ್ಕೂ ಇದಕ್ಕೂ ಎಂಥ ಸಂಬಂಧ? ಸಲ್ಲೇಖನವೂ ತಪ್ಪು ಅಂತೀಯಾ ಹಾಗಾದರೆ?"

ಇಲ್ಲ, ಕೊನೆಗಾಲದಲ್ಲಿ ಊಟ ನೀರು ಬಿಟ್ಟು ಸಾವನ್ನು ಬರಮಾಡಿಕೊಳ್ಳುವ ಆ ವ್ರತವನ್ನು ನಾನು ತಪ್ಪು ಅನ್ನುವುದಿಲ್ಲ. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟು ಅದನ್ನು ಆತ್ಮಹತ್ಯೆಗೆ ಸಮ ಅಂದಾಗ ನನಗೂ ಬೇಸರವಾಗಿತ್ತು. ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಹೀಗೆ ದೇಹ ಬಿಟ್ಟವರ ಶಾಸನಗಳು ಎಷ್ಟೊಂದಿವೆ. ಬದುಕು ಪೂರ್ತಿ ಬದುಕಿದವರೊಬ್ಬರು ಇನ್ನು ಸಾಕು ಅಂದರೆ ತಡೆಯಲು ನಾನ್ಯಾರು? ಆದರೆ ಹದಿಮೂರರ ಹುಡುಗಿಗೆ, ಒಂಬತ್ತರ ನನ್ನ ಮಗಳಿಗೆ, ಸಾಕು ಅನ್ನುವಷ್ಟು ಏನು ಸಿಕ್ಕಿದೆ? ಒಪ್ಪತ್ತಿನಿಂದ ಯಾರೂ ಸಾಯುವುದಿಲ್ಲ ಅಂತ ನನಗೂ ಗೊತ್ತು. ಆದರೆ ಒಪ್ಪತ್ತಿಗೆ ಒಂದು ಚಪ್ಪಾಳೆ, ಮೂರು ದಿನಕ್ಕೆ ಹಾರ, ಎಂಟು ದಿನಕ್ಕೆ ಮೆರವಣಿಗೆ ಅಂತ ಲೆಕ್ಕ ಹಾಕಲು ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬೇಡ ಅನ್ನಲಿಕ್ಕೆ ನಿನಗೆ ಒಂದು ಬಸದಿಯಾದರೂ ಇತ್ತು. ಅವಳಿಗೆ ಅದೂ ಇಲ್ಲ" ಅಂದಳು.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಂಗಳೂರಿನಲ್ಲೂ ಬಸದಿಗಳಿವೆ. ಆದರೆ ಕರೆದುಕೊಂಡು ಹೋದದ್ದು ಕಡಿಮೆಯೇ. ಮಗಳಿಗೆ ಣಮೋಕಾರ ಮಂತ್ರದ ಐದು ಸಾಲು ಬರುತ್ತದೆ, ಯೂಟ್ಯೂಬಿನಿಂದ.

ಕೊನೆಗೆ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ದಸರಾ ರಜೆಗೆ ಅವಳನ್ನು ಕಾರ್ಕಳಕ್ಕೆ ಕಳಿಸುತ್ತೇನೆ. ಗುಡ್ಡ ಹತ್ತಿಸಲಿ, ಅಭಿಷೇಕ ತೋರಿಸಲಿ, ಅಸ್ತಮಾನದ ಮೊದಲು ಊಟ ಹಾಕಲಿ, ಪಾಠಕ್ಕೂ ಕೂರಿಸಲಿ. ಉಪವಾಸ ಮಾತ್ರ ಹದಿನೆಂಟು ಆಗುವವರೆಗೆ ಇಲ್ಲ. ಹಾರದ ಫೋಟೋ ಗುಂಪಿಗೆ ಹಾಕಬಾರದು ಅಂತಲೂ ಹೇಳಿದೆ. ಅದಕ್ಕೆ ಅಮ್ಮ ಹೂಂ ಅನ್ನಲಿಲ್ಲ. ಅದನ್ನು ಅಣ್ಣನಿಗೇ ಹೇಳಬೇಕಂತೆ. ಹೇಗೂ ಸೋಮವಾರ ಕ್ಷಮಾವಳಿ, ಒಬ್ಬರಿಗೊಬ್ಬರು ಕ್ಷಮೆ ಕೇಳುವ ದಿನ. ಕ್ಷಮೆ ಕೇಳಲು ಅವನು ಫೋನ್ ಮಾಡೇ ಮಾಡುತ್ತಾನೆ, ಆವಾಗಲೇ ಹೇಳಿಬಿಡುತ್ತೇನೆ.